ಹಿಂದಕ್ಕೂ ಓಡುತ್ತಿದ್ದ ವಿಂಗರ್: ಮಾರಿಯೊ ಜಗಾಲೊ

ಎಲ್ಲರಿಗೂ ನಮಸ್ಕಾರ. ಬ್ರೆಜಿಲ್ ಫುಟ್‌ಬಾಲ್ ಅಂದ ತಕ್ಷಣ ಪೆಲೆ ಹೆಸರು ಬಾಯಿಗೆ ಬರುತ್ತದೆ. ನಮ್ಮ ಬೆಂಗಳೂರಿನ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ನೀವು ನೋಡಿರಬಹುದು. ಆದರೆ ಇವತ್ತು ನಾನು ಮಾತಾಡುವುದು ಪೆಲೆ ಬಗ್ಗೆ ಅಲ್ಲ. ಪೆಲೆ ಪಕ್ಕದಲ್ಲಿ ಎರಡು ವಿಶ್ವಕಪ್ ಆಡಿ, ಆಮೇಲೆ ಪೆಲೆಗೇ ಕೋಚ್ ಆದವರ ಬಗ್ಗೆ. ಅವರ ಹೆಸರು ಮಾರಿಯೊ ಜಗಾಲೊ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. 1958 ಮತ್ತು 1962ರಲ್ಲಿ ಆಟಗಾರರಾಗಿ ವಿಶ್ವಕಪ್ ಗೆದ್ದರು. 1970ರಲ್ಲಿ ಕೋಚ್ ಆಗಿ ಗೆದ್ದರು. 1994ರಲ್ಲಿ ತಂಡದ ಸಂಯೋಜಕರಾಗಿದ್ದರು, ಆಗಲೂ ಬ್ರೆಜಿಲ್ ಗೆದ್ದಿತು. ಬ್ರೆಜಿಲ್ ಇವತ್ತಿನವರೆಗೆ ಗೆದ್ದಿರುವುದೇ ಐದು ವಿಶ್ವಕಪ್. ಅದರಲ್ಲಿ ನಾಲ್ಕರಲ್ಲಿ ಈ ಮನುಷ್ಯ ಇದ್ದರು. ಆಟಗಾರರಾಗಿಯೂ ಕೋಚ್ ಆಗಿಯೂ ಕಪ್ ಗೆದ್ದ ಮೊದಲಿಗರು ಇವರೇ.

ಇಷ್ಟಾದರೂ ಅವರ ಹೆಸರು ಹಿಂದೆಯೇ ಉಳಿದಿದೆ. ಅದಕ್ಕೆ ಕಾರಣ ಅವರು ಆಡಿದ ಆಟದಲ್ಲೇ ಇದೆ ಅಂತ ನನಗನಿಸುತ್ತದೆ. ಮೈದಾನದಲ್ಲಿ ಎಲ್ಲಿ ಜಾಗ ಖಾಲಿ ಇದೆ ಅಂತ ನೋಡುವುದು, ಅಲ್ಲಿಗೆ ಓಡುವುದು: ಇದು ಅವರು ಆಟಗಾರರಾಗಿ ಮಾಡಿದ ಕೆಲಸ. ಕೋಚ್ ಆದ ಮೇಲೂ ಅದನ್ನೇ ಮಾಡಿದರು, ಓಡುವವರು ಬೇರೆಯವರಾದರು ಅಷ್ಟೇ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಜಗಾಲೊ ಹುಟ್ಟಿದ್ದು 1931ರ ಆಗಸ್ಟ್ 9ರಂದು, ಬ್ರೆಜಿಲ್‌ನ ಈಶಾನ್ಯದ ಅಲಗೊವಾಸ್ ರಾಜ್ಯದಲ್ಲಿ. ಇನ್ನೂ ಕೈಗೂಸಾಗಿದ್ದಾಗಲೇ ಮನೆಯವರು ರಿಯೊಗೆ ಬಂದರು. ಮಗ ಲೆಕ್ಕಪತ್ರದ ಕೆಲಸ ಕಲಿಯಲಿ ಅನ್ನುವುದು ತಂದೆಯ ಆಸೆ. ಹುಡುಗನಿಗೆ ಚೆಂಡಿನ ಹುಚ್ಚು. ನಮ್ಮ ಮನೆಗಳ ಕಥೆಯೂ ಇದೇ ಅಲ್ವಾ!

1950ರ ಜುಲೈ 16. ವಿಶ್ವಕಪ್‌ನ ಕೊನೆಯ ಪಂದ್ಯ, ರಿಯೊದ ಮರಕಾನ ಸ್ಟೇಡಿಯಂ, ಹತ್ತಿರ ಹತ್ತಿರ ಎರಡು ಲಕ್ಷ ಜನ. ಉರುಗ್ವೆ ಎದುರು ಡ್ರಾ ಮಾಡಿಕೊಂಡರೂ ಸಾಕು, ಕಪ್ ಬ್ರೆಜಿಲ್‌ಗೆ. ಆದರೆ 2-1ರಲ್ಲಿ ಸೋತರು. ಆ ದಿನ ಸ್ಟೇಡಿಯಂನಲ್ಲಿ ಬಂದೋಬಸ್ತಿಗೆ ನಿಂತಿದ್ದ ಸೈನಿಕರಲ್ಲಿ 18 ವರ್ಷದ ಜಗಾಲೊ ಕೂಡ ಒಬ್ಬರು. ಕಡ್ಡಾಯ ಸೈನಿಕ ಸೇವೆಯಲ್ಲಿದ್ದರು. ಆ ಜನ ಅತ್ತದ್ದನ್ನು ಸಮವಸ್ತ್ರದಲ್ಲೇ ನಿಂತು ನೋಡಿದರು. ಎಂಟು ವರ್ಷ ಆದ ಮೇಲೆ ಬ್ರೆಜಿಲ್‌ಗೆ ಮೊದಲ ಕಪ್ ತಂದ ಹನ್ನೊಂದು ಜನರಲ್ಲಿ ಅವರೂ ಇದ್ದರು.

ಆ ಎಂಟು ವರ್ಷದಲ್ಲಿ ಆದದ್ದು ಏನು? ಮೊದಲು ರಿಯೊದ ಅಮೆರಿಕ ಕ್ಲಬ್, ಆಮೇಲೆ ಫ್ಲಮೆಂಗೊ. ಫ್ಲಮೆಂಗೊ ಜೊತೆ 1953, 54, 55, ಸತತ ಮೂರು ವರ್ಷ ರಿಯೊ ಚಾಂಪಿಯನ್. ಶುರುವಿನಲ್ಲಿ ಅವರು ಒಳಗಡೆ, ನಡುಭಾಗದ ಹತ್ತಿರ ಆಡುತ್ತಿದ್ದರು. ಆ ಜಾಗಕ್ಕೆ ಬ್ರೆಜಿಲ್‌ನಲ್ಲಿ ಪೈಪೋಟಿ ಜಾಸ್ತಿ. ಹೀಗಾಗಿ ತಾವೇ ಮೈದಾನದ ಎಡ ಅಂಚಿಗೆ, ಅಂದರೆ ಎಡಗಡೆಯ ವಿಂಗ್‌ಗೆ ಬದಲಾದರು. ಅಲ್ಲಿ ಅವಕಾಶ ಇದೆ ಅಂತ ಲೆಕ್ಕ ಹಾಕಿದ್ದರು. ತಂದೆ ಕಲಿಸಬೇಕೆಂದಿದ್ದ ಲೆಕ್ಕ ಇನ್ನೊಂದು ರೀತಿಯಲ್ಲಿ ಕೈಹಿಡಿಯಿತು.

1958ರಲ್ಲಿ ತಂಡ ಸ್ವೀಡನ್‌ಗೆ ಹೊರಟಾಗ ಎಡಗಡೆ ಆಡಬೇಕಿದ್ದವರು ಸ್ಯಾಂಟೋಸ್ ಕ್ಲಬ್ಬಿನ ಪೆಪೆ. ಅವರ ಕಾಲಿನ ಹೊಡೆತ ಸಿಡಿಲಿನಂತೆ ಇರುತ್ತಿತ್ತು. ವಿಶ್ವಕಪ್‌ಗೆ ಮುಂಚೆ ಇಟಲಿಯಲ್ಲಿ ಆಡಿದ ಅಭ್ಯಾಸ ಪಂದ್ಯದಲ್ಲಿ ಅವರಿಗೆ ಪೆಟ್ಟಾಯಿತು. ಜಾಗ ಜಗಾಲೊಗೆ ಸಿಕ್ಕಿತು. ಆ ವಿಶ್ವಕಪ್‌ನಲ್ಲಿ ಬ್ರೆಜಿಲ್ ಆಟಗಾರರ ಅಂಗಿ ನಂಬರ್‌ಗಳೂ ಅಡ್ಡಾದಿಡ್ಡಿ. ರೂಢಿಯಂತೆ ಗೋಲ್‌ಕೀಪರ್‌ಗೆ 1, ಬಲಗಡೆಯವರಿಗೆ 7, ಎಡಗಡೆಯವರಿಗೆ 11 ಇರಬೇಕಿತ್ತು. ಗೋಲ್‌ಕೀಪರ್ ಗಿಲ್ಮಾರ್‌ಗೆ 3, ಬಲಗಡೆಯ ಗರಿಂಚಗೆ 11, ಎಡಗಡೆಯ ಜಗಾಲೊಗೆ 7.

ಈಗ ಒಂದು ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಆಗ ಬ್ರೆಜಿಲ್ ಆಡುತ್ತಿದ್ದದ್ದು 4-2-4. ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು. ಚೆಂಡು ನಮ್ಮ ಕಾಲಲ್ಲಿ ಇರುವ ತನಕ ಇದು ಬಲು ಚಂದ. ಚೆಂಡು ಎದುರಾಳಿಗೆ ಹೋದ ತಕ್ಷಣ ತೊಂದರೆ. ನಡುವೆ ಇರುವವರು ಡಿಡಿ ಮತ್ತು ಜಿಟೊ ಇಬ್ಬರೇ. ಅಷ್ಟು ಅಗಲದ ಮೈದಾನವನ್ನು ಇಬ್ಬರು ಎಷ್ಟು ಅಂತ ಕಾಯುತ್ತಾರೆ? ಬಲಗಡೆಯ ಗರಿಂಚರನ್ನು ಹಿಂದಕ್ಕೆ ಬಾ ಅನ್ನುವ ಹಾಗಿಲ್ಲ. ಅವರು ಮುಂದೆ ಇದ್ದರೇ ತಂಡಕ್ಕೆ ಲಾಭ. ಪೆಲೆಗೆ ಆಗ 17 ವರ್ಷ, ಅವರಿಗೂ ಗೋಲಿನ ಹತ್ತಿರವೇ ಕೆಲಸ. ಉಳಿದವರು ಜಗಾಲೊ. ಚೆಂಡು ಕಳೆದುಹೋದ ತಕ್ಷಣ ಅವರು ಎಡಗಡೆಯಿಂದ ನಡುಭಾಗಕ್ಕೆ ಓಡಿಬರುತ್ತಿದ್ದರು. ಇಬ್ಬರಿದ್ದ ಜಾಗದಲ್ಲಿ ಮೂವರಾಗುತ್ತಿದ್ದರು. ಚೆಂಡು ಸಿಕ್ಕಿದರೆ ಮತ್ತೆ ಮುಂದಕ್ಕೆ. ಹೀಗೆ 90 ನಿಮಿಷ. ಬ್ರೆಜಿಲ್ ಜನ ಅವರಿಗೆ 'ಪುಟ್ಟ ಇರುವೆ' ಅಂತ ಹೆಸರಿಟ್ಟದ್ದು ಇದಕ್ಕೇ. ಇವತ್ತು ಎಲ್ಲರ ಬಾಯಲ್ಲಿರುವ 4-3-3 ಬ್ರೆಜಿಲ್‌ನಲ್ಲಿ ಮೈದಾನಕ್ಕೆ ಇಳಿದದ್ದು ಹೀಗೆ, ಜಗಾಲೊ ಕಾಲುಗಳ ಮೇಲೆ.

ಫೈನಲ್ 1958ರ ಜೂನ್ 29ರಂದು. ಸ್ವೀಡನ್ ಎದುರು 5-2. ನಾಲ್ಕನೇ ಗೋಲು ಜಗಾಲೊ ಹೊಡೆದದ್ದು. ಐದನೆಯದು ಪೆಲೆ ತಲೆಯಿಂದ ಹೊಡೆದದ್ದು, ಅದಕ್ಕೆ ಚೆಂಡು ಕಳಿಸಿದ್ದೂ ಜಗಾಲೊ. ಇಡೀ ದಿನ ಹಿಂದಕ್ಕೂ ಮುಂದಕ್ಕೂ ಓಡಿದ ಮನುಷ್ಯ 90ನೇ ನಿಮಿಷದಲ್ಲಿ ಇನ್ನೂ ಎಡಗಡೆಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಹಾಕುವ ಸ್ಥಿತಿಯಲ್ಲಿದ್ದರು ಅನ್ನುವುದೇ ನನಗೆ ದೊಡ್ಡ ವಿಷಯ.

ಆ ವರ್ಷವೇ ಬೊಟಫೊಗೊ ಕ್ಲಬ್ಬಿಗೆ ಹೋದರು. ಅಲ್ಲಿ ಗರಿಂಚ, ಡಿಡಿ, ನಿಲ್ಟನ್ ಸ್ಯಾಂಟೋಸ್ ಎಲ್ಲ ಒಂದೇ ತಂಡದಲ್ಲಿ. 1962ರಲ್ಲಿ ಚಿಲಿಯಲ್ಲಿ ಬ್ರೆಜಿಲ್‌ನ ಮೊದಲ ಗೋಲು, ಮೆಕ್ಸಿಕೊ ಎದುರು, ಜಗಾಲೊದೇ. ಎರಡನೇ ಪಂದ್ಯದಲ್ಲಿ ಪೆಲೆ ಗಾಯಗೊಂಡು ಹೊರಹೋದರು. ಗರಿಂಚ ತಂಡವನ್ನು ಎತ್ತಿ ನಿಲ್ಲಿಸಿದರು. ಆ ಸಲ ಜಗಾಲೊ ಇನ್ನೂ ಹಿಂದೆ, ಹೆಚ್ಚು ಕಡಿಮೆ ಮೂರನೇ ಮಿಡ್‌ಫೀಲ್ಡರ್ ಆಗಿಯೇ ಆಡಿದರು. ಫೈನಲ್‌ನಲ್ಲಿ ಚೆಕೊಸ್ಲೊವಾಕಿಯ ಎದುರು 3-1.

ಆಟ ನಿಲ್ಲಿಸಿದ ಮೇಲೆ ಬೊಟಫೊಗೊದಲ್ಲೇ ಕಿರಿಯರಿಗೆ ಕೋಚ್ ಆದರು, ಬೇಗನೆ ದೊಡ್ಡವರ ತಂಡವೂ ಕೈಗೆ ಬಂತು. 1967 ಮತ್ತು 68ರಲ್ಲಿ ರಿಯೊ ಚಾಂಪಿಯನ್‌ಷಿಪ್ ಗೆದ್ದರು. ಆ ತಂಡದಲ್ಲಿ ಗೆರ್ಸನ್, ಜೈರ್‌ಜಿನ್ಹೊ ಇದ್ದರು. ಈ ಹೆಸರುಗಳು ಮತ್ತೆ ಬರುತ್ತವೆ.

ಈಗ 1970. ಅರ್ಹತಾ ಪಂದ್ಯಗಳ ಹೊತ್ತಿಗೆ ಬ್ರೆಜಿಲ್ ಕೋಚ್ ಆಗಿದ್ದವರು ಜೊವಾವೊ ಸಾಲ್ಡಾನ್ಯಾ. ಪತ್ರಕರ್ತ, ಕಮ್ಯುನಿಸ್ಟ್, ಮಾತಿನಲ್ಲಿ ಬೆಂಕಿ. ದೇಶದಲ್ಲಿ ಇದ್ದದ್ದು ಸೇನಾ ಸರ್ಕಾರ. ಆರು ಅರ್ಹತಾ ಪಂದ್ಯ ಆಡಿ ಆರನ್ನೂ ಗೆದ್ದುಕೊಟ್ಟರು. ಆದರೆ ದೇಶದ ಅಧ್ಯಕ್ಷ, ಜನರಲ್ ಮೆಡಿಸಿಗೆ ಡಾರಿಯೊ ಎಂಬ ಸ್ಟ್ರೈಕರ್ ತಂಡದಲ್ಲಿ ಇರಬೇಕಿತ್ತು. ಮಂತ್ರಿಗಳನ್ನು ಅವರು ಆರಿಸಿಕೊಳ್ಳಲಿ, ತಂಡವನ್ನು ನಾನು ಆರಿಸುತ್ತೇನೆ ಅನ್ನುವ ಅರ್ಥದಲ್ಲಿ ಸಾಲ್ಡಾನ್ಯಾ ಉತ್ತರ ಕೊಟ್ಟರು. ಪೆಲೆಯನ್ನೇ ಬಿಡುವ ಮಾತೂ ಎದ್ದಿತು. ಮಾರ್ಚ್‌ನಲ್ಲಿ ಸಾಲ್ಡಾನ್ಯಾರನ್ನು ತೆಗೆದರು. ವಿಶ್ವಕಪ್‌ಗೆ ಮೂರು ತಿಂಗಳೂ ಇರಲಿಲ್ಲ. ಜಗಾಲೊ ಬಂದರು. ವಯಸ್ಸು 38.

ಸಾಲ್ಡಾನ್ಯಾ ಬಗ್ಗೆ ನನಗೆ ತುಂಬಾ ಗೌರವ ಇದೆ. ಆ ಕಾಲದಲ್ಲಿ ಸೇನಾಡಳಿತದ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡುವುದು ಸಣ್ಣ ಧೈರ್ಯ ಅಲ್ಲ. ಜಗಾಲೊ ಅಂಥ ಮನುಷ್ಯ ಆಗಿರಲಿಲ್ಲ. ಅವರು ಡಾರಿಯೊನನ್ನು ಮೆಕ್ಸಿಕೊಗೆ ಕರೆದುಕೊಂಡು ಹೋದರು. ಆದರೆ ವಿಶ್ವಕಪ್‌ನಲ್ಲಿ ಒಂದು ನಿಮಿಷವೂ ಆಡಿಸಲಿಲ್ಲ. ಇದನ್ನು ನೀವು ಜಾಣತನ ಅನ್ನಬಹುದು, ಅಂಜಿಕೆ ಅನ್ನಬಹುದು. ನಾನು ಎರಡೂ ಇತ್ತು ಅನ್ನುತ್ತೇನೆ.

ಅವರ ಮುಂದೆ ಇದ್ದ ಸಮಸ್ಯೆ ವಿಚಿತ್ರ. ತಂಡದಲ್ಲಿ ಒಳ್ಳೆಯವರು ಕಡಿಮೆ ಇರಲಿಲ್ಲ, ಒಂದೇ ಜಾಗಕ್ಕೆ ಒಳ್ಳೆಯವರು ಜಾಸ್ತಿ ಇದ್ದರು. ಪೆಲೆ, ಟೊಸ್ಟಾವೊ, ಗೆರ್ಸನ್, ರಿವೆಲಿನೊ, ಜೈರ್‌ಜಿನ್ಹೊ. ಐವರೂ ತಮ್ಮ ತಮ್ಮ ಕ್ಲಬ್‌ನಲ್ಲಿ ಆಟ ಕಟ್ಟುವ, 10ನೇ ನಂಬರಿಗೆ ಒಪ್ಪುವ ಆಟಗಾರರು. ಇಬ್ಬರನ್ನು ಆಡಿಸಿ ಮೂವರನ್ನು ಕೂರಿಸುವುದು ಸುಲಭದ ದಾರಿ. ಜಗಾಲೊಗೂ ಮೊದಲು ಅನುಮಾನ ಇತ್ತು. ಪೆಲೆ, ಟೊಸ್ಟಾವೊ ಒಟ್ಟಿಗೆ ಹೊಂದುತ್ತಾರಾ ಅಂತ ಯೋಚಿಸಿದರು. ಎಡಗಡೆಗೆ ಪಾವ್ಲೊ ಸೆಜಾರ್ ಎಂಬ ನಿಜವಾದ ವಿಂಗರ್‌ನನ್ನು ಆಡಿಸಿ ನೋಡಿದರು. ಕೊನೆಗೆ ಐವರನ್ನೂ ಇಟ್ಟುಕೊಂಡರು.

ಹೇಗೆ? ಒಬ್ಬೊಬ್ಬರಿಗೂ ಅವರು ಮಾಡದೇ ಇದ್ದ ಒಂದು ಕೆಲಸ ಹಂಚಿ. ಟೊಸ್ಟಾವೊ ಎಲ್ಲರಿಗಿಂತ ಮುಂದೆ, ಗೋಲಿಗೆ ಬೆನ್ನು ಮಾಡಿ ನಿಂತು, ಡಿಫೆಂಡರ್‌ಗಳನ್ನು ತಮ್ಮ ಕಡೆಗೆ ಎಳೆಯಬೇಕು. ಹಿಂದಿನ ವರ್ಷವಷ್ಟೇ ಅವರ ಕಣ್ಣಿನ ರೆಟಿನಾ ಕಳಚಿ ಹ್ಯೂಸ್ಟನ್‌ನಲ್ಲಿ ಆಪರೇಷನ್ ಆಗಿತ್ತು. ಜೈರ್‌ಜಿನ್ಹೊ ಬಲಗಡೆ. ಗೆರ್ಸನ್ ಹಿಂದೆ, ಉದ್ದದ ಪಾಸ್‌ಗಳಿಗೆ. ಮಿಡ್‌ಫೀಲ್ಡರ್ ಪಿಯಾಝಾರನ್ನು ಹಿಂದಕ್ಕೆ ತಂದು ಡಿಫೆಂಡರ್ ಮಾಡಿದರು. ರಿವೆಲಿನೊಗೆ ಕೊಟ್ಟದ್ದು 11ನೇ ನಂಬರ್, ಎಡಗಡೆ. ಹೆಸರಿಗೆ ವಿಂಗರ್, ಆದರೆ ಚೆಂಡು ಹೋದಾಗ ನಡುಭಾಗಕ್ಕೆ ಬರಬೇಕು. ಅದು ಯಾರ ಕೆಲಸ ಅಂತ ನಿಮಗೆ ಗೊತ್ತೇ ಇದೆ. 12 ವರ್ಷದ ಹಿಂದೆ ತಾವು ಓಡಿದ ಓಟವನ್ನೇ ಜಗಾಲೊ ತಮಗಿಂತ ಎಷ್ಟೋ ಪಾಲು ಪ್ರತಿಭೆ ಇದ್ದ ಹುಡುಗನಿಗೆ ಒಪ್ಪಿಸಿದರು.

ದೇಹ ಸಿದ್ಧತೆಯ ಬಗ್ಗೆಯೂ ಒಂದು ಮಾತು. ಬ್ರೆಜಿಲ್ ಆಟ ಅಂದರೆ ಸುಮ್ನೆ ಖುಷಿಗೆ ಆಡಿದ್ದು ಅನ್ನುವ ಭಾವನೆ ನಮ್ಮಲ್ಲಿದೆ. ಮೆಕ್ಸಿಕೊದ ಎತ್ತರದಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ಆಡುವುದಕ್ಕೆ ಆ ತಂಡ ಬೇಗನೆ ಹೋಗಿ ಗ್ವಾನಹ್ವಾಟೊ ಎಂಬ ಬೆಟ್ಟದೂರಲ್ಲಿ ತಯಾರಿ ನಡೆಸಿತು. ದೇಹದಾರ್ಢ್ಯದ ಹೊಣೆ ಹೊತ್ತವರಲ್ಲಿ ಕಾರ್ಲೋಸ್ ಆಲ್ಬರ್ಟೊ ಪರೇರಾ ಎಂಬ ಯುವಕ ಇದ್ದರು. ಅವರ ಹೆಸರನ್ನೂ ನೆನಪಿಟ್ಟುಕೊಳ್ಳಿ.

ಆರು ಪಂದ್ಯ, ಆರು ಗೆಲುವು, 19 ಗೋಲು. ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾದ ಪೆರು ತಂಡದ ಕೋಚ್ ಯಾರು ಗೊತ್ತಾ? ಡಿಡಿ. 1958ರಲ್ಲಿ ಯಾರ ನೆರವಿಗೆ ಅಂತ ಜಗಾಲೊ ಹಿಂದಕ್ಕೆ ಓಡುತ್ತಿದ್ದರೋ ಅದೇ ಡಿಡಿ. 4-2ರಲ್ಲಿ ಬ್ರೆಜಿಲ್ ಗೆದ್ದಿತು. ಸೆಮಿಫೈನಲ್‌ನಲ್ಲಿ ಉರುಗ್ವೆ. ಅವರು ಗೆರ್ಸನ್‌ಗೆ ಅಂಟಿಕೊಂಡೇ ಕಾವಲು ನಿಂತರು. ಆಗ ಗೆರ್ಸನ್ ತಾವೇ ಹಿಂದೆ ಉಳಿದು, ನಡುಭಾಗದ ಜೊತೆಗಾರ ಕ್ಲೊಡೊಆಲ್ಡೊಗೆ ನೀನು ಮುಂದೆ ಹೋಗು ಅಂದರು. ಹಾಫ್‌ಟೈಮ್‌ಗೆ ಸ್ವಲ್ಪ ಮುಂಚೆ ಕ್ಲೊಡೊಆಲ್ಡೊ ಗೋಲು ಹೊಡೆದು 1-1 ಮಾಡಿದರು. ಕೋಚ್ ಹೇಳುವ ತನಕ ಕಾಯದೆ ಆಟಗಾರನೇ ಜಾಗ ಓದಿದ್ದು ಅದು. ಜಗಾಲೊಗೆ ಇಂಥವರೇ ಬೇಕಿದ್ದದ್ದು.

ಫೈನಲ್, ಜೂನ್ 21, ಆಜ್ಟೆಕಾ ಸ್ಟೇಡಿಯಂ, ಇಟಲಿ. ಆ ನಾಲ್ಕನೇ ಗೋಲನ್ನು ನೀವೆಲ್ಲ ನೋಡಿರುತ್ತೀರಿ. ದಯವಿಟ್ಟು ಇನ್ನೊಮ್ಮೆ ನೋಡಿ, ಆದರೆ ಈ ಸಲ ಚೆಂಡನ್ನು ಬಿಟ್ಟು ಜೈರ್‌ಜಿನ್ಹೊರನ್ನು ನೋಡಿ.

ಇಟಲಿಯವರು ಒಬ್ಬರಿಗೆ ಒಬ್ಬರಂತೆ ಕಾವಲು ಹಾಕುವವರು. ಜೈರ್‌ಜಿನ್ಹೊ ಹಿಂದೆ ಇದ್ದವರು ಫಾಕೆಟ್ಟಿ, ಇಟಲಿಯ ಎಡಗಡೆಯ ಡಿಫೆಂಡರ್. ಜೈರ್‌ಜಿನ್ಹೊ ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುವುದು ಅವರ ಕೆಲಸ. ಹಾಗಿದ್ದರೆ ಜೈರ್‌ಜಿನ್ಹೊ ತಮ್ಮ ಬಲಗಡೆಯ ಜಾಗ ಬಿಟ್ಟು ಒಳಗೆ, ಎಡಕ್ಕೆ ಹೋದರೆ? ಫಾಕೆಟ್ಟಿಯೂ ಹೋಗುತ್ತಾರೆ. ಬಲಗಡೆ ಇಡೀ ಪಟ್ಟಿ ಖಾಲಿ. ಅಲ್ಲಿಗೆ ಹಿಂದಿನಿಂದ ಕ್ಯಾಪ್ಟನ್ ಕಾರ್ಲೋಸ್ ಆಲ್ಬರ್ಟೊ ಬರಬೇಕು. ಇದನ್ನು ಜಗಾಲೊ ಪಂದ್ಯಕ್ಕೆ ಮುಂಚೆಯೇ ಗುರುತಿಸಿ ಆಟಗಾರರಿಗೆ ಹೇಳಿದ್ದರು.

86ನೇ ನಿಮಿಷ. ಬ್ರೆಜಿಲ್ 3-1 ಮುಂದಿದೆ. ಟೊಸ್ಟಾವೊ ತಮ್ಮದೇ ಅರ್ಧಕ್ಕೆ ಬಂದು ಚೆಂಡು ಕಿತ್ತುಕೊಳ್ಳಲು ಓಡಾಡುತ್ತಾರೆ. ಚೆಂಡು ಕ್ಲೊಡೊಆಲ್ಡೊಗೆ ಬರುತ್ತದೆ. ಮೊದಲರ್ಧದಲ್ಲಿ ಇವರು ಹಿಮ್ಮಡಿಯಿಂದ ಪಾಸ್ ಮಾಡಲು ಹೋಗಿ ಇಟಲಿಗೆ ಗೋಲು ಕೊಟ್ಟಿದ್ದರು. ಈಗ ನಾಲ್ವರು ಇಟಲಿ ಆಟಗಾರರನ್ನು ಒಬ್ಬರಾದ ಮೇಲೆ ಒಬ್ಬರಂತೆ ದಾಟುತ್ತಾರೆ. ಅಲ್ಲಿಂದ ರಿವೆಲಿನೊಗೆ. ರಿವೆಲಿನೊ ಎಡಗಡೆಯ ಗೆರೆಯ ಉದ್ದಕ್ಕೂ ಪಾಸ್ ಕೊಡುತ್ತಾರೆ. ಅಲ್ಲಿ ಇರುವವರು ಜೈರ್‌ಜಿನ್ಹೊ, ಬಲಗಡೆಯ ವಿಂಗರ್! ಎದುರಿಗೆ ಫಾಕೆಟ್ಟಿ. ಜೈರ್‌ಜಿನ್ಹೊ ಒಳಗೆ ನುಗ್ಗಿ ಪೆಲೆಗೆ ಕೊಡುತ್ತಾರೆ. ಪೆಲೆ ನಿಲ್ಲುತ್ತಾರೆ. ಬಲಕ್ಕೆ ಮೆತ್ತಗೆ ಚೆಂಡು ಉರುಳಿಸುತ್ತಾರೆ. ಅಲ್ಲಿ ಯಾರೂ ಇಲ್ಲ ಅನ್ನಿಸುವ ಹೊತ್ತಿಗೆ ಕಾರ್ಲೋಸ್ ಆಲ್ಬರ್ಟೊ ಬಂದು ಒಂದೇ ಹೊಡೆತಕ್ಕೆ ಬಲೆಗೆ ಹೊಡೆಯುತ್ತಾರೆ. 4-1.

ಇದನ್ನು ಜನ ಸಂಗೀತ ಅಂತಾರೆ, ಕವಿತೆ ಅಂತಾರೆ. ಸರಿ, ಒಪ್ಪೋಣ. ಆದರೆ ಆ ಬಲಗಡೆಯ ಜಾಗ ತಾನಾಗಿ ಖಾಲಿ ಆದದ್ದಲ್ಲ. ಒಬ್ಬ ಮನುಷ್ಯ ಅದನ್ನು ಮೊದಲೇ ನೋಡಿದ್ದರು.

ಇನ್ನು ಸೋಲುಗಳು. ಅವನ್ನೂ ಹೇಳಬೇಕು, ಯಾಕೆಂದರೆ ಅಲ್ಲೂ ಇದೇ ಎಳೆ ಇದೆ. 1974ರ ಹೊತ್ತಿಗೆ ಪೆಲೆ ರಾಷ್ಟ್ರೀಯ ತಂಡ ಬಿಟ್ಟಿದ್ದರು. ಟೊಸ್ಟಾವೊ ಕಣ್ಣಿನ ತೊಂದರೆಯಿಂದ ಆಟವನ್ನೇ ಬಿಟ್ಟಿದ್ದರು. ಗೆರ್ಸನ್ ಇರಲಿಲ್ಲ. ಜರ್ಮನಿಯಲ್ಲಿ ಬ್ರೆಜಿಲ್ ಮೊದಲ ಎರಡು ಪಂದ್ಯದಲ್ಲಿ ಒಂದು ಗೋಲೂ ಹೊಡೆಯಲಿಲ್ಲ. ಡಾರ್ಟ್‌ಮಂಡ್‌ನಲ್ಲಿ ಹಾಲೆಂಡ್ ಎದುರು 2-0 ಸೋತು, ಪೋಲೆಂಡ್‌ಗೂ ಸೋತು ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಹಾಲೆಂಡ್‌ನವರು ಮಾಡಿದ್ದು ಏನು? ಒಬ್ಬ ಮುಂದೆ ಹೋದರೆ ಇನ್ನೊಬ್ಬ ಅವನ ಜಾಗ ತುಂಬುವುದು. 1958ರಲ್ಲಿ ಜಗಾಲೊ ಒಬ್ಬರೇ ಮಾಡುತ್ತಿದ್ದ ಎರಡು ಜನರ ಕೆಲಸವನ್ನು ಅವರು ಹತ್ತೂ ಜನರಿಗೆ ಕಲಿಸಿದ್ದರು. ಇದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕಿದ್ದ ಕೋಚ್ ಜಗಾಲೊ. ಅವರು ಮಾಡಿಕೊಳ್ಳಲಿಲ್ಲ. ನನಗೆ ಇವತ್ತಿಗೂ ಇದು ಬೇಸರದ ವಿಷಯ.

ಆಮೇಲೆ ರಿಯೊದ ಕ್ಲಬ್‌ಗಳು, ಕುವೈತ್, ಸೌದಿ ಅರೇಬಿಯಾ. ಯುಎಇ ತಂಡವನ್ನು ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಗಳಿಸುವಂತೆ ಮಾಡಿದರು. 1990ರಲ್ಲಿ ಇಟಲಿಗೆ ಆ ತಂಡವನ್ನು ಕರೆದುಕೊಂಡು ಹೋದವರು ಮಾತ್ರ ಪರೇರಾ. ಮರುವರ್ಷ ಪರೇರಾ ಬ್ರೆಜಿಲ್ ಕೋಚ್ ಆದಾಗ ಸಂಯೋಜಕರಾಗಿ ಜಗಾಲೊ ಬಂದರು. 1970ರಲ್ಲಿ ಇವರ ಕೈಕೆಳಗೆ ಇದ್ದ ಹುಡುಗನ ಪಕ್ಕದಲ್ಲಿ ಈಗ ಎರಡನೆಯವರಾಗಿ ಕೂತರು. 1994ರಲ್ಲಿ ಪಾಸಡೀನಾದಲ್ಲಿ ಇಟಲಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದರು. ಎಷ್ಟು ಜನ ದೊಡ್ಡ ಕೋಚ್‌ಗಳು ಹೀಗೆ ಹಿಂದೆ ಸರಿದು ಕೂರುತ್ತಾರೆ?

13ನೇ ನಂಬರಿನ ಬಗ್ಗೆ ಹೇಳದಿದ್ದರೆ ಬ್ರೆಜಿಲ್‌ನವರು ಒಪ್ಪುವುದಿಲ್ಲ. ಅವರ ಪತ್ನಿ ಅಲ್ಸಿನಾ ಸಂತ ಅಂತೋಣಿಯ ಭಕ್ತೆ. ಸಂತ ಅಂತೋಣಿಯ ಹಬ್ಬ ಜೂನ್ 13ಕ್ಕೆ. ಇಬ್ಬರ ಮದುವೆ ಆದದ್ದು 1955ರ ಜನವರಿ 13ರಂದು. ಅಲ್ಲಿಂದ ಮುಂದೆ 13 ಅವರ ಜೀವಕ್ಕೆ ಅಂಟಿಕೊಂಡಿತು. 58 ಅಂದರೆ ಐದು ಮತ್ತು ಎಂಟು, 13. 94 ಅಂದರೆ ಒಂಬತ್ತು ಮತ್ತು ನಾಲ್ಕು, 13. ಯಾರಾದರೂ ಒಂದು ವಾಕ್ಯ ಹೇಳಿದರೆ ಅಕ್ಷರ ಎಣಿಸುತ್ತಿದ್ದರು. ಕೋಚ್ ಆಗಿ 13ನೇ ನಂಬರಿನ ಅಂಗಿ ಹಾಕುತ್ತಿದ್ದರು. ಇದನ್ನು ಮೂಢನಂಬಿಕೆ ಅಂತ ನಕ್ಕು ಬಿಡಬಹುದು. ನನಗೆ ಇದರಲ್ಲಿ ಕಾಣುವುದು ಹೆಂಡತಿಯ ನಂಬಿಕೆಯನ್ನು ತನ್ನದಾಗಿ ಮಾಡಿಕೊಂಡ ಒಬ್ಬ ಗಂಡ.

1994ರ ನಂತರ ಮತ್ತೆ ಕೋಚ್ ಆದರು. 1996ರ ಒಲಿಂಪಿಕ್ಸ್‌ನಲ್ಲಿ ಜಪಾನ್‌ಗೆ ಸೋಲು, ಸೆಮಿಫೈನಲ್‌ನಲ್ಲಿ ನೈಜೀರಿಯಾಕ್ಕೆ 4-3 ಸೋಲು. ಪತ್ರಿಕೆಗಳು ಮುದುಕ ಮನೆಗೆ ಹೋಗಲಿ ಅನ್ನುವ ಧಾಟಿಯಲ್ಲಿ ಬರೆದವು. 1997ರ ಜೂನ್ 29ರಂದು, ಸ್ವೀಡನ್ ಫೈನಲ್ ಆಗಿ ಸರಿಯಾಗಿ 39 ವರ್ಷಕ್ಕೆ, ಬೊಲಿವಿಯಾದ ಲಾ ಪಾಜ್‌ನಲ್ಲಿ ದಕ್ಷಿಣ ಅಮೆರಿಕದ ದೇಶಗಳ ಟೂರ್ನಿ ಕೋಪಾ ಅಮೆರಿಕ ಗೆದ್ದರು. ಉಸಿರೇ ಸಿಗದ ಎತ್ತರದ ಊರು ಅದು. ಗೆದ್ದ ಕೂಡಲೇ ಕ್ಯಾಮೆರಾ ಕಡೆ ತಿರುಗಿ, ಮುಖ ಕೆಂಪಾಗಿ, ದನಿ ಒಡೆದು, "ನೀವು ನನ್ನನ್ನು ನುಂಗಿಕೊಳ್ಳಲೇಬೇಕು!" ಅಂತ ಕೂಗಿದರು. ಬ್ರೆಜಿಲ್‌ನಲ್ಲಿ ಆ ಮಾತು ಈಗಲೂ ಜನರ ಬಾಯಲ್ಲಿದೆ.

1998ರ ವಿಶ್ವಕಪ್ ಸೆಮಿಫೈನಲ್, ಫ್ರಾನ್ಸ್‌ನ ಮಾರ್ಸೇ, ಎದುರಾಳಿ ಹಾಲೆಂಡ್. ಪೆನಾಲ್ಟಿಗೆ ಮುಂಚೆ 66 ವರ್ಷದ ಜಗಾಲೊ ಒಬ್ಬೊಬ್ಬ ಆಟಗಾರನ ಹತ್ತಿರವೂ ಹೋಗಿ, ತೋಳು ಹಿಡಿದು ಅಲುಗಾಡಿಸಿ, ಗೆಲ್ಲುತ್ತೇವೆ ಅಂತ ಹೇಳುವ ದೃಶ್ಯ ಇದೆ. ಅವರ ಕಣ್ಣು ತುಂಬಿರುತ್ತದೆ. ಗೆದ್ದರು. ಐದು ದಿನದ ನಂತರ ಫೈನಲ್. ಆ ಮಧ್ಯಾಹ್ನ ಹೋಟೆಲ್ಲಿನಲ್ಲಿ ಬ್ರೆಜಿಲ್‌ನ ಸ್ಟ್ರೈಕರ್ ರೊನಾಲ್ಡೊಗೆ ಫಿಟ್ಸ್ ಬಂತು. ಮೊದಲ ಪಟ್ಟಿಯಲ್ಲಿ ಅವರ ಬದಲು ಎಡ್ಮುಂಡೊ ಹೆಸರಿತ್ತು. ಆಸ್ಪತ್ರೆಯಿಂದ ನೇರ ಸ್ಟೇಡಿಯಂಗೆ ಬಂದ ರೊನಾಲ್ಡೊ ಆಡುತ್ತೇನೆ ಅಂದರು. ಜಗಾಲೊ ಆಡಿಸಿದರು. ಫ್ರಾನ್ಸ್ 3-0 ಗೆದ್ದಿತು. ಮುಂದೆ ಬ್ರೆಜಿಲ್ ಸಂಸತ್ತಿನ ತನಿಖಾ ಸಮಿತಿ ಎದುರಿಗೂ ಅವರು ಇದಕ್ಕೆ ಉತ್ತರ ಕೊಡಬೇಕಾಯಿತು. ಜಗತ್ತಿನ ಅತ್ಯುತ್ತಮ ಆಟಗಾರ, ವೈದ್ಯರು ಅಡ್ಡಿಯಿಲ್ಲ ಅಂದಿದ್ದಾರೆ, ತಾನೇ ಆಡುತ್ತೇನೆ ಅನ್ನುತ್ತಿದ್ದಾನೆ. ಬೇಡ ಅಂದು ಸೋತಿದ್ದರೆ ಏನಾಗುತ್ತಿತ್ತು? ಆದರೂ ಒಬ್ಬ 21 ವರ್ಷದ ಹುಡುಗನ ಜೀವದ ವಿಷಯದಲ್ಲಿ ಬೇಡ ಅನ್ನಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಜಗಾಲೊ ತೀರಿಕೊಂಡದ್ದು 2024ರ ಜನವರಿ 5ರಂದು, 92ನೇ ವಯಸ್ಸಿನಲ್ಲಿ. 1958ರ ಫೈನಲ್ ಆಡಿದ ಹನ್ನೊಂದು ಜನರಲ್ಲಿ ಅವರೇ ಕೊನೆಯವರು. ಎರಡು ದಿನದ ನಂತರ ಜರ್ಮನಿಯ ಬೆಕೆನ್‌ಬಾವರ್ ಕೂಡ ಹೋದರು. ಆಟಗಾರರಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದ ಎರಡನೆಯವರು ಅವರು. ಮೂರನೆಯವರು ಫ್ರಾನ್ಸ್‌ನ ದೆಶಾಂ. ಬೆಕೆನ್‌ಬಾವರ್, ದೆಶಾಂ ಇಬ್ಬರೂ ಕಪ್ ಗೆದ್ದಾಗ ಕ್ಯಾಪ್ಟನ್ ಆಗಿದ್ದರು. ಜಗಾಲೊ ಆಗಿರಲಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಯುವಕ ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. "ಸರ್, 1970ರ ಆ ತಂಡ ಕೈಯಲ್ಲಿದ್ದರೆ ಯಾರು ಬೇಕಾದರೂ ಗೆಲ್ಲುತ್ತಿದ್ದರು ಅಲ್ವಾ? ಕೋಚ್ ಮಾಡಿದ್ದೇನು?"

ಒಳ್ಳೆಯ ಪ್ರಶ್ನೆ. ಬ್ರೆಜಿಲ್‌ನಲ್ಲೂ ಇದನ್ನು ಐವತ್ತು ವರ್ಷದಿಂದ ಕೇಳುತ್ತಿದ್ದಾರೆ. ಅದಕ್ಕೆ ನಾನು 1966ರ ಕಡೆ ನೋಡಿ ಅಂದೆ. ಆ ವರ್ಷ ಇಂಗ್ಲೆಂಡ್‌ಗೆ ಹೋಗುವ ಮುಂಚೆ ನಲವತ್ತಕ್ಕೂ ಹೆಚ್ಚು ಆಟಗಾರರನ್ನು ಶಿಬಿರಕ್ಕೆ ಕರೆದಿದ್ದರು. ಅಲ್ಲಿ ಹೋದ ಮೇಲೂ ಪ್ರತಿ ಪಂದ್ಯಕ್ಕೆ ತಂಡ ಬದಲಾಯಿತು. ಪೆಲೆಯನ್ನು ಎದುರಾಳಿಗಳು ಒದ್ದು ಒದ್ದು ಕೂರಿಸಿದರು, ಅದು ನಿಜ. ಆದರೂ ಹಂಗೆರಿ ಎದುರು 3-1, ಪೋರ್ಚುಗಲ್ ಎದುರು 3-1 ಸೋತು ಮೊದಲ ಸುತ್ತಿನಲ್ಲೇ ಮನೆಗೆ ಬಂದರು. ಆ ತಂಡದ ಪಟ್ಟಿ ತೆಗೆದು ನೋಡಿ. ಪೆಲೆ ಇದ್ದರು, ಟೊಸ್ಟಾವೊ ಇದ್ದರು, ಗೆರ್ಸನ್ ಇದ್ದರು, ಜೈರ್‌ಜಿನ್ಹೊ ಇದ್ದರು. ಗರಿಂಚ ಕೂಡ ಇದ್ದರು. ಇಲ್ಲದೇ ಇದ್ದದ್ದು ರಿವೆಲಿನೊ, ಮತ್ತೆ ಕೋಚ್ ಜಾಗದಲ್ಲಿ ಜಗಾಲೊ.